ಚೆಸ್ ಓಪನಿಂಗ್ ಆಯ್ಕೆ: ಮೂರು ಅವಧಿಗಳ ಒಂದು ಪಾಠ ಘಟಕ

ಶಾಲಾ ಇಂಟರ್ನ್‌ಶಿಪ್‌ನಲ್ಲಿ ವಿಷಯ ಪಾಠಗಳ ಜೊತೆಗೆ ಒಂದು ಸಹಪಠ್ಯ ಚಟುವಟಿಕೆಯನ್ನೂ ನಾವು ನಿರ್ವಹಿಸಬೇಕಾಗುತ್ತದೆ. ನನಗೆ ಸಿಕ್ಕಿದ್ದು ಪ್ರೌಢಶಾಲೆಯೊಂದರ ಚೆಸ್ ಗುಂಪು. 8 ಮತ್ತು 9ನೇ ತರಗತಿಯ 16 ಮಕ್ಕಳು, 8 ಬೋರ್ಡ್‌ಗಳು, ಶನಿವಾರ ತರಗತಿ ಮುಗಿದ ಮೇಲೆ 40 ನಿಮಿಷ. ಕಾಯಿಗಳ ನಡೆ ಎಲ್ಲರಿಗೂ ಗೊತ್ತಿತ್ತು. ಅವರ ಬೇಡಿಕೆ ಒಂದೇ: "ಮಿಸ್, ಗೆಲ್ಲೋ ಓಪನಿಂಗ್ ಯಾವ್ದು ಅಂತ ಹೇಳ್ಕೊಡಿ."

ಓಪನಿಂಗ್ ಎಂದರೆ ಆಟದ ಮೊದಲ ಹತ್ತು ಹನ್ನೆರಡು ನಡೆಗಳ ಹಂತ. ಕಾಯಿಗಳು ತಮ್ಮ ಮನೆ ಬಿಟ್ಟು ಕೆಲಸಕ್ಕೆ ಬರುವ ಈ ಹಂತಕ್ಕೆ ನೂರಾರು ಕ್ರಮಗಳಿದ್ದು, ಪ್ರತಿಯೊಂದಕ್ಕೂ ಹೆಸರಿದೆ. ಎಲ್ಲವನ್ನೂ ಯಾರೂ ಆಡುವುದಿಲ್ಲ. ಹಾಡುಗಾರರಿಗೆ ಪಾಠಾಂತರ ಇರುವಂತೆ ಚೆಸ್ ಆಟಗಾರರಿಗೂ ಆಡಿ ಆಡಿ ತಮ್ಮದಾಗಿಸಿಕೊಂಡ ಕೆಲವು ಓಪನಿಂಗ್‌ಗಳು ಇರುತ್ತವೆ. ಅಂಥ ಸ್ವಂತ ಪಟ್ಟಿಯೊಂದನ್ನು ಮಕ್ಕಳು ತಾವೇ ಆರಿಸಿಕೊಳ್ಳುವಂತೆ ಮಾಡುವುದು ಈ ಪಾಠ ಘಟಕದ ಗುರಿ.

ಹೇಳಿಕೊಟ್ಟರೆ ಸಾಲದೇ, ಆರಿಸುವುದನ್ನೇ ಏಕೆ ಕಲಿಸಬೇಕು? ಇಂಟರ್ನ್‌ಶಿಪ್ ಕೆಲವೇ ವಾರ. ನಾವು ಹೊರಟ ಮೇಲೆ ಆ ಶಾಲೆಯಲ್ಲಿ ಚೆಸ್ ಕಲಿಸುವವರು ಯಾರೂ ಇರುವುದಿಲ್ಲ, ಆದರೆ ಮಕ್ಕಳು ಆಡುತ್ತಲೇ ಇರುತ್ತಾರೆ, ವಲಯ ಮಟ್ಟದ ಪಂದ್ಯಕ್ಕೂ ಹೋಗುತ್ತಾರೆ. ಆದ್ದರಿಂದ ನಾನು ಇಟ್ಟುಕೊಂಡ ಅಳತೆಗೋಲು ಇದು: ಕಲಿಸುವವರು ಇಲ್ಲದಾಗಲೂ ಮಗು ಒಂದು ನೋಟ್‌ಬುಕ್ ಹಿಡಿದು ತಾನೇ ನೋಡಿಕೊಳ್ಳಬಲ್ಲ ಓಪನಿಂಗ್ ಆ ಮಗುವಿಗೆ ಸರಿಯಾದ ಓಪನಿಂಗ್.

ಘಟಕದ ರೂಪರೇಖೆ

ತರಗತಿ: 8 ಮತ್ತು 9. ಅವಧಿ: 40 ನಿಮಿಷದ ಮೂರು ಅವಧಿಗಳು.

ಪೂರ್ವಜ್ಞಾನ: ಕಾಯಿಗಳ ನಡೆ, ಚೆಕ್‌ಮೇಟ್, ಕ್ಯಾಸ್ಲಿಂಗ್, ನಡೆಗಳನ್ನು ಬರೆಯುವ ಪದ್ಧತಿ.

ಉದ್ದೇಶಗಳು: ವಿದ್ಯಾರ್ಥಿಯು (1) ಓಪನಿಂಗ್‌ನ ಪ್ರತಿ ನಡೆಗೆ ಕಾರಣ ಹೇಳುವನು/ಳು, (2) ಎರಡು ಓಪನಿಂಗ್‌ಗಳಿಂದ ಉಂಟಾಗುವ ಸ್ಥಿತಿಗಳನ್ನು ಹೋಲಿಸಿ ಲಾಭ ಮತ್ತು ಬೆಲೆ ಗುರುತಿಸುವನು/ಳು, (3) ಬಿಳಿಗೆ ಒಂದು, ಕಪ್ಪಿಗೆ ಎರಡು, ಹೀಗೆ ಮೂರು ಓಪನಿಂಗ್‌ಗಳನ್ನು ಕಾರಣಸಹಿತ ಆರಿಸುವನು/ಳು, (4) ತನ್ನ ಆಟದ ದಾಖಲೆ ನೋಡಿ ಪಟ್ಟಿಯನ್ನು ತಿದ್ದಿಕೊಳ್ಳುವನು/ಳು.

ಬೋಧನೋಪಕರಣಗಳು: ಬೋರ್ಡ್‌ಗಳು, ಕಾಯಿಗಳ ಸ್ಥಿತಿ ಬರೆದ ರಟ್ಟಿನ ಕಾರ್ಡುಗಳು, ಪ್ರತಿ ಮಗುವಿಗೆ ಒಂದು ನೋಟ್‌ಬುಕ್.

ಕಪ್ಪಿಗೆ ಎರಡು ಏಕೆಂದರೆ ಬಿಳಿಯ ಮೊದಲ ನಡೆ ಕಪ್ಪಿನ ಕೈಯಲ್ಲಿ ಇಲ್ಲ. ಶಾಲಾ ಮಟ್ಟದಲ್ಲಿ ಬಿಳಿ ಹೆಚ್ಚಾಗಿ ಆಡುವುದು ರಾಜನ ಮುಂದಿನ ಕಾಲಾಳನ್ನು (ಇ4) ಅಥವಾ ರಾಣಿಯ ಮುಂದಿನ ಕಾಲಾಳನ್ನು (ಡಿ4). ಇವೆರಡಕ್ಕೂ ಒಂದೊಂದು ಉತ್ತರ ಬೇಕು. ಉಳಿದ ಮೊದಲ ನಡೆಗಳಿಗೆ ಡಿ4ಕ್ಕೆ ಆರಿಸಿದ ವ್ಯೂಹವನ್ನೇ ಹೊಂದಿಸಿಕೊಂಡರೆ ಆರಂಭಕ್ಕೆ ಸಾಕು.

ಈ ಲೇಖನದಲ್ಲಿ ಕಾಲಾಳಿನ ನಡೆಗೆ ಮನೆಯ ಹೆಸರನ್ನು ಮಾತ್ರ ಬರೆದಿದ್ದೇನೆ. ಉಳಿದ ಕಾಯಿಗಳಿಗೆ ಕಾಯಿಯ ಹೆಸರು ಮತ್ತು ಅದು ತಲುಪುವ ಮನೆ ಇದೆ. ಉದಾಹರಣೆಗೆ 'ಕುದುರೆ ಎಫ್3'.

ಮೊದಲ ಅವಧಿ: ಬಾಯಿಪಾಠ ಏಕೆ ಸಾಲದು

ಪ್ರಶ್ನೆಯಿಂದ ಆರಂಭಿಸಿದೆ: ಬಿಳಿಗೆ ಮೊದಲ ನಡೆಗೆ ಎಷ್ಟು ದಾರಿಗಳಿವೆ? ಮಕ್ಕಳು ಬೋರ್ಡ್ ನೋಡಿ ಎಣಿಸಿದರು. ಎಂಟು ಕಾಲಾಳುಗಳಿಗೆ ತಲಾ ಎರಡರಂತೆ 16, ಎರಡು ಕುದುರೆಗಳಿಗೆ ತಲಾ ಎರಡರಂತೆ 4, ಒಟ್ಟು 20. ಕಪ್ಪಿಗೂ ಅಷ್ಟೇ. ಹಾಗಾದರೆ ಇಬ್ಬರೂ ಒಂದೊಂದು ನಡೆ ಆಡಿದಾಗ 20 × 20 = 400 ದಾರಿಗಳು. ಬಿಳಿಯ ಎರಡನೆಯ ನಡೆಗೆ ಅದು 8,902 ಆಗುತ್ತದೆ. ಕಪ್ಪಿನ ಎರಡನೆಯ ನಡೆ ಮುಗಿಯುವಾಗ 1,97,281.

ಇಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಎತ್ತಿದ: "400ನ್ನ 20ರಿಂದ ಗುಣಿಸಿದ್ರೆ 8,000 ಬರ್ಬೇಕಲ್ವಾ?" ಉತ್ತರವನ್ನು ತರಗತಿಯೇ ಹುಡುಕಿತು. ಇ4 ಆಡಿದೊಡನೆ ಒಂಟೆಗೂ ರಾಣಿಗೂ ದಾರಿ ತೆರೆಯುತ್ತದೆ, ಆದ್ದರಿಂದ ಎರಡನೆಯ ನಡೆಗೆ 20ಕ್ಕಿಂತ ಹೆಚ್ಚು ಆಯ್ಕೆ ಸಿಗುತ್ತದೆ. ಎ3 ಆಡಿದರೆ ಅಂಥದ್ದೇನೂ ತೆರೆಯುವುದಿಲ್ಲ. ಗುಣಾಕಾರದ ನಿಯಮ ಎಲ್ಲಿ ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬ ಗಣಿತದ ಮಾತೂ, ಕೇಂದ್ರದ ಕಾಲಾಳನ್ನು ಮೊದಲು ನಡೆಸುವುದರಿಂದ ಏನು ಲಾಭ ಎಂಬ ಚೆಸ್‌ನ ಮಾತೂ ಒಂದೇ ಉತ್ತರದಲ್ಲಿ ಬಂದವು.

ಎರಡೆರಡು ನಡೆಗೇ ಸುಮಾರು ಎರಡು ಲಕ್ಷ ದಾರಿಗಳೆಂದ ಮೇಲೆ ಎಲ್ಲವನ್ನೂ ನೆನಪಿಡುವುದು ಆಗದ ಮಾತು. ಆಗ ಪ್ರತಿ ನಡೆಗೂ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ. ಈ ನಡೆ ಬೋರ್ಡಿನ ನಡುವಿನ ನಾಲ್ಕು ಮನೆಗಳ ಮೇಲೆ ಹಿಡಿತ ಕೊಡುತ್ತದೆಯೇ? ಹೊಸ ಕಾಯಿಯೊಂದನ್ನು ಕೆಲಸಕ್ಕೆ ತರುತ್ತದೆಯೇ? ರಾಜನನ್ನು ಭದ್ರ ಮಾಡಲು ನೆರವಾಗುತ್ತದೆಯೇ?

ಅನ್ವೇಷಣೆಗೆ ಕೊಟ್ಟದ್ದು ಮಕ್ಕಳಿಗೆ ಅಚ್ಚುಮೆಚ್ಚಿನ ನಾಲ್ಕು ನಡೆಯ ಮೇಟ್. 1. ಇ4 ಇ5 2. ರಾಣಿ ಎಚ್5. ರಾಣಿ ಇ5 ಕಾಲಾಳಿಗೆ ಗುರಿಯಿಟ್ಟಿದೆ. ಕಪ್ಪು ಕುದುರೆಯನ್ನು ಸಿ6ಕ್ಕೆ ತಂದು ಅದನ್ನು ಕಾಯುತ್ತದೆ. 3. ಒಂಟೆ ಸಿ4. ಈಗ ಎಫ್7ರಲ್ಲಿ ಮೇಟ್ ಬೆದರಿಕೆ. ಕಪ್ಪು ಜಿ6 ಆಡಿ ರಾಣಿಯನ್ನು ಓಡಿಸುತ್ತದೆ. 4. ರಾಣಿ ಎಫ್3, ಮತ್ತೆ ಅದೇ ಬೆದರಿಕೆ. ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತರುತ್ತದೆ. ಇಲ್ಲಿ ಆಟ ನಿಲ್ಲಿಸಿ ಮೂರು ಪ್ರಶ್ನೆಗಳನ್ನು ಕೇಳಿಸಿದೆ. ಕಪ್ಪಿನ ಎರಡೂ ಕುದುರೆಗಳು ಹೊರಬಂದಿವೆ, ಒಂಟೆಗೆ ಜಿ7 ಮನೆ ಸಿದ್ಧವಿದೆ. ಬಿಳಿಯ ರಾಣಿ ಎರಡು ಸಲ ನಡೆದು, ಸ್ವಂತ ಕುದುರೆ ಕೂರಬೇಕಾದ ಎಫ್3ರಲ್ಲಿ ಕೂತಿದೆ. ಉತ್ತರ ಗೊತ್ತಿಲ್ಲದ ಎದುರಾಳಿಯ ಮುಂದೆ ಮಾತ್ರ ಈ ಓಪನಿಂಗ್ ನಡೆಯುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. "ಒಂದ್ಸಲ ಗೆಲ್ತೀವಿ, ಎರಡ್ನೇ ಸಲ ಅವ್ರು ಕಲ್ತಿರ್ತಾರೆ" ಎಂದು ಎಂಟನೇ ತರಗತಿಯ ಹುಡುಗಿ ಹೇಳಿದಳು. ಆಯ್ಕೆಯ ಮೊದಲ ನಿಯಮವಾಗಿ ಅದನ್ನೇ ಹಲಗೆಯ ಮೇಲೆ ಬರೆದೆವು: ಎದುರಾಳಿ ಸರಿಯಾಗಿ ಆಡಿದರೂ ನಮಗೆ ಒಳ್ಳೆಯ ಆಟ ಉಳಿಯಬೇಕು.

ಎರಡನೆಯ ಅವಧಿ: ಹೆಸರಿಲ್ಲದ ಕಾರ್ಡುಗಳು

ಓಪನಿಂಗ್‌ಗಳ ಹೆಸರು ಮಕ್ಕಳಿಗೆ ವಿಡಿಯೋಗಳಿಂದ ಗೊತ್ತಿರುತ್ತದೆ. ಹೆಸರಿನ ಜೊತೆಗೆ ಯಾರ ಅಭಿಪ್ರಾಯವೋ ಅಂಟಿಕೊಂಡಿರುತ್ತದೆ. ಆದ್ದರಿಂದ ಕಾರ್ಡಿನ ಮೇಲೆ ಸ್ಥಿತಿಯನ್ನು ಮಾತ್ರ ಬರೆದಿದ್ದೆ. ಗುಂಪುಗಳು ಅದನ್ನು ಬೋರ್ಡಿನಲ್ಲಿ ಜೋಡಿಸಿ, 'ಇಲ್ಲಿಂದ ಮುಂದೆ ನಿನಗೆ ಆಡಲು ಇಷ್ಟವೇ? ಏನು ಮಾಡುತ್ತೀ?' ಎಂಬ ಪ್ರಶ್ನೆಗೆ ಉತ್ತರಿಸಬೇಕು. ಹೆಸರು ಕೊನೆಗೆ.

ಬಿಳಿಗೆ ಎರಡು ಕಾರ್ಡುಗಳು. ಮೊದಲನೆಯದು: 1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಒಂಟೆ ಸಿ4, ಒಂಟೆ ಸಿ5 4. ಸಿ3, ಕುದುರೆ ಎಫ್6 5. ಡಿ3 ಡಿ6, ಆಮೇಲೆ ಇಬ್ಬರೂ ಕ್ಯಾಸ್ಲಿಂಗ್. ಇದು ಇಟಾಲಿಯನ್. ಇಲ್ಲಿ ಮೂರು ಪ್ರಶ್ನೆಗಳ ಉತ್ತರ ಕಣ್ಣಿಗೆ ಕಾಣುತ್ತದೆ, ಮುಂದೆ ಡಿ4 ಆಡಿ ಕೇಂದ್ರ ಹಿಡಿಯುವ ಯೋಜನೆಯೂ ಸ್ಪಷ್ಟ. ಆದರೆ ಬೆಲೆ ಇದೆ. ಇ4ಕ್ಕೆ ಕಪ್ಪು ಇ5 ಆಡಿಯೇ ತೀರಬೇಕೆಂದಿಲ್ಲ. ಸಿ5, ಇ6, ಸಿ6, ಡಿ5 ಯಾವುದನ್ನಾದರೂ ಆಡಬಹುದು, ಪ್ರತಿಯೊಂದಕ್ಕೂ ಬಿಳಿಗೆ ಬೇರೆ ಸಿದ್ಧತೆ ಬೇಕು. ಇಟಾಲಿಯನ್ ಆರಿಸಿದವರು ಹೆಸರಿಗೆ ಒಂದು, ಕೆಲಸಕ್ಕೆ ಐದು ಓಪನಿಂಗ್ ಆರಿಸಿದಂತೆ.

ಎರಡನೆಯದು: 1. ಡಿ4 ಡಿ5 2. ಒಂಟೆ ಎಫ್4, ಕುದುರೆ ಎಫ್6 3. ಇ3 ಇ6 4. ಕುದುರೆ ಎಫ್3, ಒಂಟೆ ಡಿ6 5. ಒಂಟೆ ಜಿ3. ಆಮೇಲೆ ಬಿಳಿಯ ಇನ್ನೊಂದು ಒಂಟೆ ಡಿ3ಕ್ಕೆ, ಸಿ3 ಕಾಲಾಳು, ಉಳಿದ ಕುದುರೆ ಡಿ2ಕ್ಕೆ. ಇದು ಲಂಡನ್ ಪದ್ಧತಿ. 1922ರ ಲಂಡನ್ ಟೂರ್ನಿಯಲ್ಲಿ ಹಲವು ಸಲ ಆಡಲ್ಪಟ್ಟದ್ದರಿಂದ ಈ ಹೆಸರು. ಕಪ್ಪು ಏನು ಆಡಿದರೂ ಬಿಳಿ ಹೆಚ್ಚುಕಡಿಮೆ ಇದೇ ವ್ಯೂಹ ಕಟ್ಟಬಹುದು, ಕಲಿಯುವ ಭಾರ ಕಡಿಮೆ. ಇದರ ಬೆಲೆ ಬೇರೆ ರೀತಿಯದು. ಎದುರಾಳಿಯ ನಡೆಯನ್ನು ನೋಡದೆ ಆಡುವ ಅಭ್ಯಾಸ ಬೆಳೆಯಬಹುದು. ಸಿ1ರ ಒಂಟೆ ಹೊರಟುಹೋದ ಮೇಲೆ ಬಿ2 ಕಾಲಾಳಿಗೆ ಕಾವಲಿಲ್ಲ.

ಇ4ಕ್ಕೆ ಕಪ್ಪಿನ ಉತ್ತರವಾಗಿ ಮೂರು ಕಾರ್ಡುಗಳು. ಮೊದಲೆರಡನ್ನು ಜೋಡಿಯಾಗಿಯೇ ಕೊಡಬೇಕು. ಒಂದರಲ್ಲಿ 1. ಇ4 ಇ6 2. ಡಿ4 ಡಿ5 3. ಇ5 ಸಿ5, ಅಂದರೆ ಫ್ರೆಂಚ್. 1834ರಿಂದ 1836ರವರೆಗೆ ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವೆ ಅಂಚೆಯಲ್ಲಿ ನಡೆದ ಪಂದ್ಯದಿಂದ ಬಂದ ಹೆಸರು. ಇನ್ನೊಂದರಲ್ಲಿ 1. ಇ4 ಸಿ6 2. ಡಿ4 ಡಿ5 3. ಇ5, ಒಂಟೆ ಎಫ್5. ಇದು ಕಾರೋ-ಕಾನ್. 1886ರಲ್ಲಿ ಇದನ್ನು ವಿಶ್ಲೇಷಿಸಿದ ಹೊರೇಷಿಯೋ ಕಾರೋ ಮತ್ತು ಮಾರ್ಕಸ್ ಕಾನ್ ಅವರ ಹೆಸರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಎರಡೂ ಬೋರ್ಡಿನಲ್ಲಿ ಕಪ್ಪಿನ ಸಿ8 ಒಂಟೆ ಎಲ್ಲಿದೆ? ಫ್ರೆಂಚ್‌ನಲ್ಲಿ ಅದು ಇ6 ಕಾಲಾಳಿನ ಹಿಂದೆ ಸಿಕ್ಕಿಕೊಂಡಿದೆ. ಕಾರೋ-ಕಾನ್‌ನಲ್ಲಿ ಹೊರಗೆ ಬಂದು ಕೂತಿದೆ. "ಹಾಗಾದ್ರೆ ಎರಡ್ನೇದೇ ವಾಸಿ" ಎಂದವು ಹೆಚ್ಚಿನ ಗುಂಪುಗಳು. ಆಗ ಎರಡನೆಯ ಪ್ರಶ್ನೆ: ಬಿಳಿಯ ಕೇಂದ್ರವನ್ನು ಹೊಡೆಯಲು ಸಿ5 ಆಡಬೇಕು, ಅದಕ್ಕೆ ಎರಡೂ ಕಡೆ ಎಷ್ಟೆಷ್ಟು ನಡೆ ಖರ್ಚಾಗುತ್ತದೆ? ಫ್ರೆಂಚ್‌ನಲ್ಲಿ ಒಂದು. ಕಾರೋ-ಕಾನ್‌ನಲ್ಲಿ ಸಿ6, ಆಮೇಲೆ ಸಿ5, ಒಟ್ಟು ಎರಡು. ಒಂಟೆ ಹೊರಬರಲು ತೆತ್ತ ಬೆಲೆ ಒಂದು ನಡೆ. ಪುಕ್ಕಟೆಯ ಓಪನಿಂಗ್ ಇಲ್ಲ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸುವ ಜೋಡಿ ನನಗೆ ಬೇರೆ ಸಿಗಲಿಲ್ಲ.

ಮೂರನೆಯ ಕಾರ್ಡು ಸಿಸಿಲಿಯನ್: 1. ಇ4 ಸಿ5. ಎರಡೂ ಕಡೆಯಿಂದ ದಾಳಿ ನಡೆಯುವ, ಕವಲುಗಳು ಬಹಳ ಇರುವ ಓಪನಿಂಗ್.

ಡಿ4ಕ್ಕೆ ಎರಡು ಕಾರ್ಡುಗಳು. ಮೊದಲನೆಯದು 1. ಡಿ4 ಡಿ5 2. ಸಿ4 ಇ6, ಅಂದರೆ ಕ್ವೀನ್ಸ್ ಗ್ಯಾಂಬಿಟ್ ನಿರಾಕರಣೆ. ಬಿಟ್ಟಿ ಸಿಕ್ಕ ಸಿ4 ಕಾಲಾಳನ್ನು ತಿಂದು ಉಳಿಸಿಕೊಳ್ಳಬಾರದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತಿನ್ನಲು ಬಿಡಬೇಕು. 2. ಸಿ4 ಕಾಲಾಳನ್ನು ಕಪ್ಪು ಹೊಡೆಯಿತು 3. ಇ3 ಬಿ5 4. ಎ4 ಸಿ6 5. ಬಿಳಿಯ ಎ ಕಾಲಾಳು ಬಿ5ರಲ್ಲಿ ಹೊಡೆಯಿತು, ಕಪ್ಪಿನ ಸಿ ಕಾಲಾಳು ತಿರುಗಿ ಹೊಡೆಯಿತು 6. ರಾಣಿ ಎಫ್3. ರಾಣಿಯ ಕಣ್ಣು ನೇರ ಎ8ರ ಆನೆಯ ಮೇಲೆ. ಕುದುರೆಯನ್ನೋ ಒಂಟೆಯನ್ನೋ ಬಲಿ ಕೊಡದೆ ಆನೆ ಉಳಿಯುವುದಿಲ್ಲ. ತಿಂದ ಕಾಲಾಳನ್ನು ಹಟ ಹಿಡಿದು ಉಳಿಸಿಕೊಳ್ಳಹೋದರೆ ಏನಾಗುತ್ತದೆ ಎಂಬುದನ್ನು ಬೋರ್ಡೇ ಹೇಳುತ್ತದೆ.

ಎರಡನೆಯದು ಕಿಂಗ್ಸ್ ಇಂಡಿಯನ್: 1. ಡಿ4, ಕುದುರೆ ಎಫ್6 2. ಸಿ4 ಜಿ6 3. ಕುದುರೆ ಸಿ3, ಒಂಟೆ ಜಿ7 4. ಇ4 ಡಿ6, ಆಮೇಲೆ ಕ್ಯಾಸ್ಲಿಂಗ್. ಕಪ್ಪು ಮೊದಲು ಕೇಂದ್ರವನ್ನು ಬಿಳಿಗೆ ಬಿಟ್ಟುಕೊಟ್ಟು, ಆಮೇಲೆ ಇ5 ಅಥವಾ ಸಿ5ರಿಂದ ಅದನ್ನು ಹೊಡೆಯುತ್ತದೆ. ಈ ಕಾರ್ಡು ಬಂದಾಗ ಮನೆಯಲ್ಲಿ ಅಜ್ಜನಿಂದ ಆಟ ಕಲಿತ ಇಬ್ಬರು ಮಕ್ಕಳ ಮುಖ ಅರಳಿತು. ಅವರ ಮನೆಯ ನಿಯಮದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಹಾಗಾಗಿ ಜಿ6, ಡಿ6 ಆಡಿ ಹಿಂದಿನಿಂದ ಕಟ್ಟುತ್ತ ಬರುವ ಆಟ ಅವರಿಗೆ ರೂಢಿ. ಈ ಹೆಸರಿನ ಹಿಂದಿರುವ ಇತಿಹಾಸವೂ ಅದೇ. 19ನೇ ಶತಮಾನದ ನಡುವಿನ ದಶಕಗಳಲ್ಲಿ ಕಲ್ಕತ್ತೆಯಲ್ಲಿ ಮೊಹೇಶ್‌ಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಆಟಗಾರ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ವಿರುದ್ಧ ನೂರಾರು ಆಟ ಆಡಿದರು. ದೇಶೀ ನಿಯಮದಲ್ಲಿ ಬೆಳೆದ ಅವರ ಕೈ ಯುರೋಪಿನ ನಿಯಮದಲ್ಲೂ ಒಂಟೆಯನ್ನು ಜಿ7ರಲ್ಲಿ ಕೂರಿಸುವ ಇಂಥ ವ್ಯೂಹಗಳನ್ನೇ ಕಟ್ಟುತ್ತಿತ್ತು. ಅಂಥ ಆಟಗಳಿಂದ 'ಇಂಡಿಯನ್' ಎಂಬ ಹೆಸರು ಈ ಓಪನಿಂಗ್‌ಗಳಿಗೆ ಅಂಟಿತು. ರಚನಾವಾದದ ಪಾಠದಲ್ಲಿ ನಾವು ಓದುವ ಪೂರ್ವಜ್ಞಾನ ಎಂದರೆ ಇದೇ. ಮಗು ಮನೆಯಿಂದ ತಂದದ್ದನ್ನು 'ತಪ್ಪು ನಿಯಮ' ಎಂದು ಒರೆಸಿಹಾಕುವ ಬದಲು ಅದರ ಮೇಲೆಯೇ ಓಪನಿಂಗ್ ಕಟ್ಟಬಹುದು.

ಅವಧಿಯ ಕೊನೆಗೆ ಒಂದು ನಿಜ ಉದಾಹರಣೆ ಹೇಳಿದೆ. 2000ರಲ್ಲಿ ಲಂಡನ್ನಿನಲ್ಲಿ ಗ್ಯಾರಿ ಕಾಸ್ಪರೋವ್ ವಿರುದ್ಧ ವಿಶ್ವ ಪಟ್ಟಕ್ಕೆ ಆಡಿದ ವ್ಲಾಡಿಮಿರ್ ಕ್ರಾಮ್ನಿಕ್, ಕಪ್ಪು ಕಾಯಿಗಳಲ್ಲಿ ಬರ್ಲಿನ್ ಡಿಫೆನ್ಸ್ ಎಂಬ ಹಳೆಯ ಓಪನಿಂಗ್ ತೆಗೆದರು. ಅದರ ಮುಖ್ಯ ಕವಲಿನಲ್ಲಿ ಎಂಟನೆಯ ನಡೆಗೇ ರಾಣಿಗಳು ವಿನಿಮಯವಾಗುತ್ತವೆ, ಕಪ್ಪಿಗೆ ಕ್ಯಾಸ್ಲಿಂಗ್ ಹಕ್ಕೂ ಹೋಗುತ್ತದೆ. ಮೂರು ಪ್ರಶ್ನೆಗಳ ಲೆಕ್ಕದಲ್ಲಿ ಇದು ಅಷ್ಟು ಚೆಂದದ ಓಪನಿಂಗ್ ಅಲ್ಲ. ಆದರೆ ರಾಣಿಗಳಿಲ್ಲದ ಬೋರ್ಡಿನಲ್ಲಿ ಕಾಸ್ಪರೋವ್ ಅವರ ದಾಳಿಯ ಬಲಕ್ಕೆ ಜಾಗ ಸಿಗಲಿಲ್ಲ. ಇಡೀ ಪಂದ್ಯದಲ್ಲಿ ಅವರು ಒಂದು ಆಟವನ್ನೂ ಗೆಲ್ಲಲಿಲ್ಲ. ಓಪನಿಂಗ್ ಆರಿಸುವುದೆಂದರೆ ಮುಂದೆ ಯಾವ ಬಗೆಯ ಆಟ ಆಡಬೇಕು ಎಂಬುದನ್ನು ಆರಿಸುವುದು.

ಮೂರನೆಯ ಅವಧಿ: ಓಪನಿಂಗ್ ಪುಟ

ಪ್ರತಿ ಮಗು ನೋಟ್‌ಬುಕ್ಕಿನಲ್ಲಿ ಮೂರು ಪುಟಗಳನ್ನು ಮೀಸಲಿಟ್ಟಿತು. ಒಂದು ಓಪನಿಂಗ್‌ಗೆ ಒಂದು ಪುಟ. ಪುಟದಲ್ಲಿ ನಾಲ್ಕು ಅಂಕಣ: ನನ್ನ ನಡೆ, ಕಾರಣ, ಎದುರಾಳಿ ಬೇರೆ ಆಡಿದರೆ, ನನ್ನ ಆಟದಲ್ಲಿ ಏನಾಯಿತು. ಕಾರಣ ಬರೆಯಲಾಗದ ನಡೆಯನ್ನು ಪುಟಕ್ಕೆ ಸೇರಿಸುವಂತಿಲ್ಲ. ಹೀಗಾಗಿ ಯಾರ ಪುಟವೂ ಎಂಟು ನಡೆಗಿಂತ ಉದ್ದವಾಗಲಿಲ್ಲ.

ಆಮೇಲೆ ಜೋಡಿ ಆಟ. ಒಬ್ಬರು ತಮ್ಮ ಪುಟದಂತೆ ಆಡಬೇಕು, ಇನ್ನೊಬ್ಬರ ಕೆಲಸ ಪುಟದಿಂದ ಹೊರಗೆಳೆಯುವುದು. ಲಂಡನ್ ಪದ್ಧತಿ ಆರಿಸಿದ್ದ ಎಂಟನೇ ತರಗತಿಯ ಹುಡುಗನ ಬೋರ್ಡಿನಲ್ಲಿ ಆದದ್ದು ಹೀಗೆ: 1. ಡಿ4 ಡಿ5 2. ಒಂಟೆ ಎಫ್4 ಸಿ5 3. ಇ3, ರಾಣಿ ಬಿ6. ಅವನು ಪುಟದಂತೆ ಒಂಟೆಯನ್ನು ಡಿ3ಕ್ಕೆ ಇಟ್ಟ. ಕಪ್ಪು ರಾಣಿ ಬಿ2 ಕಾಲಾಳನ್ನು ತಿಂದು ಆನೆಗೂ ಗುರಿಯಿಟ್ಟಿತು.

"ನಾನು ಬರ್ದಿದ್ದನ್ನೇ ಆಡಿದೆ, ಮಿಸ್."

"ಅವ್ಳ ರಾಣಿ ಬಿ6ಕ್ಕೆ ಯಾಕೆ ಬಂತು ಅಂತ ಕೇಳ್ಕೊಂಡ್ಯಾ?"

"ಅದು ಪುಟದಲ್ಲಿ ಇರ್ಲಿಲ್ಲ."

"ಈಗ ಬರಿ. ಏನ್ ಆಡಿದ್ರೆ ಬಿ2 ಉಳೀತಿತ್ತು?"

ಅವನೂ ಪಕ್ಕದವರೂ ಸೇರಿ ಹುಡುಕಿದ ಉತ್ತರ ರಾಣಿ ಸಿ1. ಒಂಟೆ ಬಿಟ್ಟುಹೋದ ಮನೆಯಲ್ಲೇ ರಾಣಿ ನಿಂತು ಬಿ2 ಕಾಯುತ್ತದೆ. ಇದಕ್ಕಿಂತ ಚುರುಕಾದ ಉತ್ತರಗಳೂ ಇವೆ, ಆದರೆ ಅವನು ತಾನೇ ಕಂಡುಕೊಂಡದ್ದನ್ನೇ ಪುಟದಲ್ಲಿ ಉಳಿಸಿದೆ. ಮೂರನೆಯ ಅಂಕಣ ತುಂಬುವುದು ಹೀಗೆ. ಮನೆಪಾಠದ ನಿಯಮವನ್ನೂ ಇದರಿಂದಲೇ ಮಾಡಿದೆವು: ಒಂದು ಆಟ, ಒಂದು ಸಾಲು. ಆಟ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಪುಟ ಎಲ್ಲಿ ಮುಗಿಯಿತು ಎಂದು ನೋಡಿ ಅಲ್ಲಿಗೆ ಒಂದೇ ಒಂದು ಸಾಲು ಸೇರಿಸುವುದು.

ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಆಯ್ಕೆ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಆ ಗುಂಪಿನಲ್ಲಿ ಚೆನ್ನಾಗಿ ಆಡುವವಳು ಅವಳೇ, ವಲಯ ಪಂದ್ಯಕ್ಕೆ ಹೋಗುವವಳೂ ಅವಳೇ. ಅಣ್ಣನ ಫೋನಿನಲ್ಲಿ ನೋಡಿ ಸಿಸಿಲಿಯನ್‌ನ ಡ್ರ್ಯಾಗನ್ ಕವಲನ್ನು ಹನ್ನೆರಡು ನಡೆಯವರೆಗೆ ಬಾಯಿಪಾಠ ಮಾಡಿದ್ದಳು. ಭಾರದ ಲೆಕ್ಕದಲ್ಲಿ ಕಾರೋ-ಕಾನ್ ಅವಳಿಗೆ ಸುಲಭ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಅದನ್ನು ಕಾರಣಸಹಿತ ಹೇಳಿದೆ. ಅವಳು ಕೇಳಿಸಿಕೊಂಡಳು. ಕಾರ್ಡುಗಳನ್ನು ಮತ್ತೆ ಜೋಡಿಸಿ ನೋಡಿದಳು. ಕೊನೆಗೆ, "ನಂಗೆ ಇಬ್ರೂ ಹೊಡೆದಾಡೋ ಆಟ ಬೇಕು, ಮಿಸ್. ಕಾಯ್ತಾ ಕೂತ್ರೆ ನಂಗೆ ಆಟಾನೇ ಬರಲ್ಲ" ಎಂದಳು. ಇದು ಕಾರಣವೇ. ಹಾಗಾಗಿ ಒಪ್ಪಿ, ಒಂದು ಷರತ್ತು ಹಾಕಿದೆ. ಬಾಯಿಪಾಠದ ಹನ್ನೆರಡು ನಡೆಗಳನ್ನು ಬದಿಗಿಟ್ಟು, ಮೊದಲು ಮೂರನೆಯ ಅಂಕಣ ತುಂಬಬೇಕು. ಶಾಲಾ ಮಟ್ಟದ ಎದುರಾಳಿ ಡ್ರ್ಯಾಗನ್‌ನ ಮುಖ್ಯ ದಾರಿಗೆ ಬರುವುದೇ ಅಪರೂಪ. ಎರಡನೆಯ ನಡೆಗೇ ಒಂಟೆಯನ್ನು ಸಿ4ಕ್ಕೆ ತಂದುಬಿಡುತ್ತಾರೆ. ಅದಕ್ಕೆ ಇ6, ಆಮೇಲೆ ಡಿ5, ಒಂಟೆಯನ್ನು ಓಡಿಸುತ್ತಲೇ ಕೇಂದ್ರ ಹಿಡಿಯುವುದು ಎಂದು ಅವಳೇ ಬರೆದಳು. ಅವಧಿ ಮುಗಿದಾಗ ಅವಳ ಪುಟದಲ್ಲಿ ಉಳಿದವರಿಗಿಂತ ನಾಲ್ಕು ಸಾಲು ಹೆಚ್ಚಿತ್ತು. ತಾನು ಆರಿಸಿದ ಭಾರ ಎಷ್ಟೆಂದು ಅವಳಿಗೆ ಈಗ ಗೊತ್ತು. ಹೊರುವುದೂ ಅವಳ ತೀರ್ಮಾನವೇ.

ಮೌಲ್ಯಮಾಪನ

ಗೆಲುವಿಗೆ ಅಂಕವಿಲ್ಲ. ಹತ್ತು ಅಂಕಗಳ ಹಂಚಿಕೆ ಹೀಗಿದೆ: ಪ್ರತಿ ನಡೆಗೆ ಕಾರಣ ಹೇಳುವುದಕ್ಕೆ 4, ಎದುರಾಳಿಯ ಅನಿರೀಕ್ಷಿತ ನಡೆಗೆ ಮೂರು ಪ್ರಶ್ನೆಗಳ ನೆರವಿನಿಂದ ಉತ್ತರ ಹುಡುಕುವುದಕ್ಕೆ 3, ಆಟವನ್ನು ಬರೆದಿಡುವುದಕ್ಕೆ 2, ಪುಟವನ್ನು ತಿದ್ದಿದ್ದಕ್ಕೆ 1. ಎರಡನೆಯ ಅಂಶವನ್ನು ಅಳೆಯಲು, ಮಗು ಆರಿಸಿದ ಓಪನಿಂಗ್‌ನಲ್ಲಿ ಪುಟದಲ್ಲಿಲ್ಲದ ಒಂದು ನಡೆಯನ್ನು ನಾನು ಆಡಿ, ಯೋಚಿಸಲು ಎರಡು ನಿಮಿಷ ಕೊಡುತ್ತಿದ್ದೆ. ನಡೆ ತಪ್ಪಾದರೂ ಪ್ರಶ್ನೆಗಳನ್ನು ಕೇಳಿಕೊಂಡಿದ್ದರೆ ಎರಡು ಅಂಕ ಉಂಟು.

ಈ ಪಾಠ ಮಾಡುವವರಿಗೆ ಕೆಲವು ಮಾತು

ಇಡೀ ಗುಂಪಿಗೆ ಒಂದೇ ಓಪನಿಂಗ್ ಕೊಟ್ಟರೆ ಕಲಿಸುವವರಿಗೆ ಸುಲಭ, ಚರ್ಚೆಯೂ ಒಟ್ಟಿಗೆ ನಡೆಯುತ್ತದೆ. ಆದರೆ ಮಕ್ಕಳು ಹೆಚ್ಚಾಗಿ ಆಡುವುದು ತಮ್ಮತಮ್ಮೊಳಗೆ. ಎಲ್ಲರದೂ ಒಂದೇ ಆದರೆ ಎಲ್ಲರಿಗೂ ಅದೊಂದೇ ಅಭ್ಯಾಸ, ಹೊರಗಿನ ಪಂದ್ಯದಲ್ಲಿ ಬೇರೆಯದು ಎದುರಾದಾಗ ಕೈ ಕಟ್ಟುತ್ತದೆ. ಒಂದೇ ತರಗತಿಯಲ್ಲಿ ಇಟಾಲಿಯನ್, ಲಂಡನ್ ಎರಡನ್ನೂ ಆಡುವವರಿದ್ದರೆ ಕಪ್ಪಿಗೆ ಇ4, ಡಿ4 ಎರಡಕ್ಕೂ ಅಭ್ಯಾಸ ಸಿಗುತ್ತದೆ. ಬೇರೆ ಬೇರೆ ಆಯ್ಕೆಗಳಿಂದ ಇಡೀ ತರಗತಿಗೆ ಲಾಭ.

ಸೋತೊಡನೆ ಓಪನಿಂಗ್ ಬದಲಿಸುವ ಆಸೆ ಮಕ್ಕಳಿಗೆ ಬರುತ್ತದೆ. ಕನಿಷ್ಠ ಇಪ್ಪತ್ತು ಆಟ ಮುಗಿಯುವವರೆಗೆ ಬದಲಾವಣೆ ಬೇಡ ಎಂಬ ನಿಯಮ ಇಟ್ಟೆ. ಒಂದೇ ಬಗೆಯ ಸ್ಥಿತಿ ಮತ್ತೆ ಮತ್ತೆ ಬಂದಾಗ ಮಾತ್ರ ಸೋಲಿನಿಂದ ಕಲಿಯಲು ಸಾಧ್ಯ. ಪ್ರತಿ ವಾರ ಓಪನಿಂಗ್ ಬದಲಿಸಿದರೆ ಪ್ರತಿ ಸೋಲೂ ಹೊಸದೇ ಆಗಿರುತ್ತದೆ. ಬದಲಾವಣೆಯೇ ಕೂಡದೆಂದಲ್ಲ. ಹೆಚ್ಚಾಗಿ ಇ4 ಆಡುತ್ತಿದ್ದ ವಿಶ್ವನಾಥನ್ ಆನಂದ್ 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಎದುರು ಡಿ4 ಆಡಿ ಅಚ್ಚರಿ ಮೂಡಿಸಿದರು, 6.5–4.5ರಿಂದ ಪಟ್ಟ ಉಳಿಸಿಕೊಂಡರು. ಆದರೆ ಅದರ ಹಿಂದೆ ಸಹಾಯಕರ ತಂಡವೊಂದರ ದೀರ್ಘ ಸಿದ್ಧತೆಯಿತ್ತು. ನಮ್ಮ ಮಕ್ಕಳಿಗೆ ಅಂಥ ತಂಡವೆಂದರೆ ಅವರ ನೋಟ್‌ಬುಕ್ಕಿನ ಇಪ್ಪತ್ತು ಸಾಲುಗಳು. ಅವು ತುಂಬಿದ ಮೇಲೆ ಬದಲಿಸಬೇಕೆನಿಸಿದರೆ ಕಾರಣ ಆ ಪುಟದಲ್ಲೇ ಕಾಣುತ್ತದೆ.

ಫೋನಿನ ವಿಡಿಯೋಗಳನ್ನು ಬೇಡ ಎನ್ನುವುದು ವ್ಯರ್ಥ. ಅದಕ್ಕೂ ಎರಡನೆಯ ಅಂಕಣದ ನಿಯಮವನ್ನೇ ಅನ್ವಯಿಸಿದರೆ ಸಾಕು: ಕಾರಣ ಬರೆಯಬಲ್ಲ ನಡೆ ಮಾತ್ರ ಪುಟಕ್ಕೆ.

ಗಣಿತ, ವಿಜ್ಞಾನದ ಪಾಠಗಳಲ್ಲಿ ಸೂತ್ರವನ್ನು ಬರೆಸಿ, ನಿಷ್ಪತ್ತಿಯನ್ನು ಬಾಯಿಪಾಠ ಮಾಡಿಸುವ ಒತ್ತಡ ನಮ್ಮೆಲ್ಲರ ಮೇಲೂ ಇದೆ. ಪ್ರಶ್ನೆಪತ್ರಿಕೆ ಪುಟದಂತೆಯೇ ಬಂದರೆ ಅದು ನಡೆದುಹೋಗುತ್ತದೆ. ಚೆಸ್ ಬೋರ್ಡಿನಲ್ಲಿ ಎದುರಾಳಿ ಮೂರನೆಯ ನಡೆಗೇ ಪುಟದಿಂದ ಹೊರಗೆ ಕರೆದೊಯ್ಯುತ್ತಾನೆ, ಅರ್ಥವಾಗದೆ ಕಲಿತದ್ದು ಅಲ್ಲೇ ಬಯಲಾಗುತ್ತದೆ. ಈ ಕಾರಣಕ್ಕೆ ಸಹಪಠ್ಯ ಚಟುವಟಿಕೆಯಾಗಿ ಚೆಸ್ ಸಿಕ್ಕ ಪ್ರಶಿಕ್ಷಣಾರ್ಥಿಗಳು ಕಾಯಿಗಳ ನಡೆ ಕಲಿಸಿ ನಿಲ್ಲಿಸದೆ, ಈ ಮೂರು ಅವಧಿಗಳನ್ನೂ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಕಾರ್ಡುಗಳಿಗೆ ಹಳೆಯ ಮದುವೆ ಪತ್ರಿಕೆಯ ರಟ್ಟು ಸಾಕು. ನೋಟ್‌ಬುಕ್ಕುಗಳನ್ನು ಮಾತ್ರ ಮಕ್ಕಳ ಬಳಿಯೇ ಬಿಟ್ಟು ಬನ್ನಿ. ಪಾಠ ದಾಖಲೆಗೆ ಅಂಟಿಸಲು ಒಂದು ಪುಟದ ಫೋಟೋ ತೆಗೆದುಕೊಂಡರೆ ನಮ್ಮ ಕೆಲಸಕ್ಕೆ ಅಷ್ಟು ಸಾಕು.